ಗಂಧದೂತನೂ ಕೊಳ್ಳೇಗಾಲದ ಬಸ್ಸೂ

"ಕಣ್ಣು ಮುಚ್ಕೊಳ್ಳಿ!" ಎಂದರು ನೀಲಕಂಠ ಭಾವ.

ನಾನೂ ಅಕ್ಕನೂ ಮುಚ್ಚಿಕೊಂಡೆವು. ಟರ್‍ರ್ ಎಂದು ಏನೋ ತಿರುಗಿತು. ಬುಸ್ ಎಂದು ಏನೋ ಉಸಿರು ಬಿಟ್ಟಿತು.

"ಈಗ ಹೇಳಿ, ಏನು ವಾಸನೆ?"

"ಕಾಫಿ," ಎಂದೆ. ನಿಜಕ್ಕೂ ಕಾಫಿಯೇ. ಆಗ ತಾನೇ ಇಳಿದ ಡಿಕಾಕ್ಷನ್ನಿನ ಘಮ.

"ಎಲ್ಲಿಂದ ಬಂತು?"

"ಅಡುಗೆಮನೆಯಿಂದ," ಎಂದಳು ಅಕ್ಕ. "ಇನ್ನೆಲ್ಲಿಂದ ಬರುತ್ತೆ, ಬಚ್ಚಲಿಂದ?"

"ಅಡುಗೆಮನೆ ಬಾಗಿಲು ಹಾಕಿದೆ, ಕಿಟಕಿ ಹಾಕಿದೆ! ಅಲ್ಲಿರೋ ಪೆಟ್ಟಿಗೆ ಕಾಫಿಯನ್ನ ಮೂಸ್ತು. ಆ ವಾಸನೆಯನ್ನ ಮೂವತ್ತಾರು ಮೂಲ ವಾಸನೆಗಳಾಗಿ ಒಡೀತು. ಫೋನ್ ಮೂಲಕ ಈ ಪೆಟ್ಟಿಗೆಗೆ ಕಳಿಸ್ತು. ಈ ಪೆಟ್ಟಿಗೆ ಅದೇ ವಾಸನೆಯನ್ನ ಮತ್ತೆ ಕಲಸಿ ನಿಮ್ಮ ಮೂಗಿಗೆ ಊದಿತು! ಹತ್ತು ಹೆಜ್ಜೆ ಅಲ್ಲ, ಹತ್ತು ಸಾವಿರ ಮೈಲಿಯಾದರೂ ಊದುತ್ತೆ! ಇದರ ಹೆಸರು ಗಂಧದೂತ!"

"ಹತ್ತು ಹೆಜ್ಜೆ ನಡೆದ್ರೆ ನಿಜವಾದ ಕಾಫಿನೇ ಸಿಗುತ್ತಲ್ರೀ," ಎಂದಳು ಅಕ್ಕ. "ಅದನ್ನ ಕುಡಿಯೋಕೂ ಆಗುತ್ತೆ."

ನಾನು ಕಣ್ಣು ತೆರೆದೆ. ಎದುರಿಗಿದ್ದದ್ದು ಅಕ್ಕನ ಹಳೆಯ ಪ್ರೆಶರ್ ಕುಕ್ಕರ್. ಅದರ ಪಕ್ಕಕ್ಕೆ ಹಾರ್ಮೋನಿಯಂನ ತಿದಿ, ಸುತ್ತಲೂ ಹೋಮಿಯೋಪತಿ ಸೀಸೆಗಳ ಮಾಲೆ, ಮುಂದೆ ಆನೆಯ ಸೊಂಡಿಲಿನಂಥ ಒಂದು ಕೊಳವೆ. ಭಾವ ಪಾಲಿಟೆಕ್ನಿಕ್‌ನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಹೋದ ವರ್ಷ ಅವರು ಕಂಡುಹಿಡಿದ, ಮೋಡ ಕಂಡರೆ ತಾನೇ ಸುತ್ತಿಕೊಳ್ಳುವ ಬಟ್ಟೆಯ ಹಗ್ಗವು ಪಕ್ಕದ ಮನೆಯವರ ರೇಷ್ಮೆ ಸೀರೆಯನ್ನೂ ಸುತ್ತಿಕೊಂಡು ಹೆಂಚಿನ ಮೇಲೆ ಕೂತಿತ್ತು. ಇಷ್ಟೆಲ್ಲ ಗೊತ್ತಿದ್ದೂ ನಾನು ಬೆರಗಾದೆ! ಅದೇ ನನ್ನ ತಪ್ಪು.

ಅಷ್ಟರಲ್ಲಿ ಸುಟ್ಟ ಹಾಲಿನ ವಾಸನೆ ರಪ್ಪನೆ ಹೊಡೆಯಿತು.

"ಅಯ್ಯೋ, ಹಾಲು!" ಎಂದು ಅಕ್ಕ ಓಡಿದಳು. ಒಲೆ ಆರಿಸಿದಳು, ಪಾತ್ರೆ ತೊಳೆದಳು, ಬಾಗಿಲು ತೆಗೆದಳು. ಅಡುಗೆಮನೆಯಲ್ಲಿ ವಾಸನೆ ಹೋಯಿತು. ನಡುಮನೆಯ ಪೆಟ್ಟಿಗೆ ಮಾತ್ರ ಮೂರು ದಿನ ಸುಟ್ಟ ಹಾಲನ್ನೇ ಊದುತ್ತಿತ್ತು.

"ಜೋರಾದ ವಾಸನೆ ಬಂದ್ರೆ ಅದಕ್ಕೆ ಬೇಗ ಮರೆಯೋಕಾಗಲ್ಲ," ಎಂದರು ಭಾವ. "ಸಣ್ಣ ವಿಷಯ."

ಸಣ್ಣ ವಿಷಯವಂತೆ!

*

ನನ್ನ ಕೆಲಸದ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಮೈಸೂರಿನ ಮಂದಾರ ಊದುಬತ್ತಿ ಸಹಕಾರ ಸಂಘದಲ್ಲಿ ಗುಣಮಟ್ಟದ ಗುಮಾಸ್ತೆ. ಸಂಘದ ದೊಡ್ಡ ಘಟಕ ಇರುವುದು ಕೊಳ್ಳೇಗಾಲದಲ್ಲಿ. ಅಲ್ಲಿ ಮೂವತ್ತೆಂಟು ಹೆಂಗಸರು ಕಡ್ಡಿ ಹೊಸೆದು, ಒಣಗಿಸಿ, ಸೆಂಟಿನ ತೊಟ್ಟಿಯಲ್ಲಿ ಅದ್ದಿ, ಕಟ್ಟು ಕಟ್ಟುತ್ತಾರೆ. ಪ್ರತಿ ಗುರುವಾರ, ಮೂಸಿ ನೋಡಿ ಮಾಲು ಒಪ್ಪುವ ಸಂಘದ ಹಿರಿಯ ಪರೀಕ್ಷಕರಾದ ಗಫಾರ್ ಸಾಹೇಬರೂ ನಾನೂ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋಗುತ್ತಿದ್ದೆವು. ಸಾಹೇಬರು ಮೂರು ಕಡ್ಡಿ ಹಚ್ಚಿಸಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ಕೊನೆಗೆ ಒಂದೇ ಮಾತು: "ಇನ್ನೂ ಸ್ವಲ್ಪ ಇರಬೇಕಿತ್ತು. ಆದ್ರೂ ಆಯ್ತು."

ಮೂವತ್ತೊಂದು ವರ್ಷದಿಂದ ಅದೇ ಮಾತು. ಉಂಡವರು ಹೊಟ್ಟೆ ತುಂಬಿದ ಮೇಲೂ "ಪಾಯಸ ಇನ್ನೊಂದು ಸೌಟು ಇರಬೇಕಿತ್ತು" ಅನ್ನುವುದಿಲ್ಲವೇ, ಹಾಗೆ. 'ಇನ್ನೂ ಸ್ವಲ್ಪ' ಅಂದಾಗ ಹೆಂಗಸರು ನಗುತ್ತಿದ್ದರು. 'ಆಯ್ತು' ಅಂದಾಗ ನಾನು ರಿಜಿಸ್ಟರಿನಲ್ಲಿ 'ಅಂಗೀಕೃತ' ಎಂದು ಬರೆದು ಸಹಿ ಹಾಕುತ್ತಿದ್ದೆ. ಮನೆಗೆ ಬಂದ ಮೇಲೂ ಸಹಿ ಸರಿಯಾಗಿ ಹಾಕಿದೆನೋ ಇಲ್ಲವೋ ಎಂದು ನೆನೆಸಿಕೊಳ್ಳುತ್ತಿದ್ದೆ. ಸಂಜೆ ಕಾಲೇಜಿನಲ್ಲಿ ಓದಿ, ಬಹಳ ಕಷ್ಟದಿಂದ ಈ ಕುರ್ಚಿಗೆ ಬಂದವಳು ನಾನು. ಸಹಿಯೆಂದರೆ ಈಗಲೂ ಸ್ವಲ್ಪ ಭಯ.

ಭಯಕ್ಕೆ ಕಾರಣವೂ ಇದೆ. ಸಂಘದಲ್ಲಿ ಹದಿನಾಲ್ಕನೆಯ ನಿಯಮ ಎಂಬುದೊಂದಿದೆ. ಒಂದು ಘಟಕದ ಮಾಲು ಸತತವಾಗಿ ಮೂರು ಸಲ 'ತಿರಸ್ಕೃತ' ಆದರೆ ಆ ಘಟಕವನ್ನು ಮುಚ್ಚಬೇಕು!

ಹೀಗಿರುವಾಗ ನಮ್ಮ ಅಧ್ಯಕ್ಷರಾದ ಶಿವನಂಜಪ್ಪನವರಿಗೆ ಪರಿಸರದ ಮೇಲೆ ಪ್ರೀತಿ ಬಂತು. ಎಲ್ಲೋ ಒಂದು ಕಡೆ 'ಹಸಿರು ಕಚೇರಿ' ಎಂಬ ಪ್ರಮಾಣಪತ್ರ ಕೊಡುತ್ತಾರೆಂದು ಕೇಳಿದರು. ಮಾರನೆಯ ದಿನವೇ ಮೈಸೂರಿನಿಂದ ಕೊಳ್ಳೇಗಾಲದವರೆಗೆ ತಮ್ಮ ಕಾರಿನಲ್ಲಿ ಒಬ್ಬರೇ ಹೋಗಿ, "ಇನ್ನು ಮೇಲೆ ಯಾರೂ ಪ್ರಯಾಣ ಮಾಡೋ ಹಾಗಿಲ್ಲ! ಹೊಗೆ ಕಡಿಮೆಯಾಗ್ಬೇಕು! ಎಲ್ಲಾ ಆನ್‌ಲೈನ್!" ಎಂದು ಭಾಷಣ ಮಾಡಿ, ಅದೇ ಕಾರಿನಲ್ಲಿ ಒಬ್ಬರೇ ವಾಪಸ್ಸು ಬಂದರು.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ! ಆನ್‌ಲೈನ್ ಬೇಡವೆಂದು ನಾನು ಹೇಳುವವಳಲ್ಲ. ಅಧ್ಯಕ್ಷರಿಗೆ ವಾರಕ್ಕೆರಡು ಸಭೆ, ಪ್ರತಿ ಸಭೆಗೂ ಕಾರು. ಅಲ್ಲಿ ಹೋಗಿ ಮಾಡುವುದೇನು? ವರದಿ ಓದುವುದು, ಬೋಂಡಾ ತಿನ್ನುವುದು. ವರದಿಯನ್ನು ಫೋನಿನಲ್ಲೇ ಓದಬಹುದಿತ್ತು. ಅದು ಬಿಟ್ಟು, ಅರವತ್ತು ಜನರ ಜೊತೆ ಬಸ್ಸಿನಲ್ಲಿ ನಿಂತು ಹೋಗುವ ನಾವಿಬ್ಬರೇ ಭೂಮಿಯನ್ನು ಬಿಸಿ ಮಾಡಿಬಿಟ್ಟೆವೇ? ನಾವು ಹತ್ತದಿದ್ದರೆ ಬಸ್ಸು ಹೋಗದೆ ನಿಲ್ಲುತ್ತದೆಯೇ?

ಮೈಸೂರಿನ ಕಚೇರಿಯಲ್ಲಿ ಅವರು ಅದೇ ಭಾಷಣವನ್ನು ಮತ್ತೆ ಮಾಡಿದಾಗ, ಇದನ್ನೆಲ್ಲ ಹೇಳಬೇಕೆಂದು ಎದ್ದು ನಿಂತೆ. ಬಾಯಿಂದ ಬಂದದ್ದು ಇಷ್ಟೇ: "ಸರ್... ವಾಸನೆ?"

"ಏನ್ ವಾಸನೆ?"

"ಊದುಬತ್ತಿ ವಾಸನೆ ಸರ್. ಅದನ್ನ ಆನ್‌ಲೈನ್‌ನಲ್ಲಿ ನೋಡೋಕಾಗಲ್ವಲ್ಲ."

"ಏನಾದ್ರೂ ದಾರಿ ಹುಡುಕ್ರಿ! ಪ್ರಪಂಚ ಎಲ್ಲಿಗೆ ಹೋಗಿದೆ!"

ಅಲ್ಲಿಗೆ ಕೂತಿದ್ದರೆ ಆಗುತ್ತಿತ್ತು. ಕೂರಲಿಲ್ಲ. "ನಮ್ಮ ಭಾವ ಒಂದು ಪೆಟ್ಟಿಗೆ ಮಾಡಿದಾರೆ ಸರ್," ಎಂದೆ.

*

ಒಂದು ಗಂಧದೂತ ಕೊಳ್ಳೇಗಾಲಕ್ಕೆ ಹೋಯಿತು. ಇನ್ನೊಂದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಗಫಾರ್ ಸಾಹೇಬರ ಮನೆಗೆ. "ನಾನೂ ಮೂಸ್ಬೇಕು" ಎಂದು ಅಧ್ಯಕ್ಷರು ಹಟ ಹಿಡಿದದ್ದರಿಂದ ಮೂರನೆಯದನ್ನು ಮಾಡಿ ಅವರ ಕೋಣೆಯಲ್ಲಿಟ್ಟರು. ಒಂದರ ವಾಸನೆ ಇನ್ನೆರಡಕ್ಕೂ ಹೋಗುವಂತೆ ಭಾವ ಜೋಡಿಸಿದರು.

ಮೊದಲ ಗುರುವಾರ ನಾನು ನಡೆದುಕೊಂಡೇ ಸಾಹೇಬರ ಮನೆಗೆ ಹೋದೆ. ಸಾಹೇಬರು ಬಿಳಿ ಜುಬ್ಬಾ ತೊಟ್ಟು, ಮುಖ ತೊಳೆದು, ಮದುವೆ ಗಂಡಿನ ಹಾಗೆ ಪೆಟ್ಟಿಗೆಯ ಮುಂದೆ ಕೂತಿದ್ದರು. ಫೋನಿನ ಪರದೆಯಲ್ಲಿ ಕೊಳ್ಳೇಗಾಲದ ಮುಖ್ಯಸ್ಥೆ ಮಾದಮ್ಮ ಕಾಣಿಸಿಕೊಂಡಳು.

"ಹಚ್ಚವ್ನಿ ಸಾಬ್ರೆ, ಬತ್ತಾ ಅದಾ ವಾಸ್ನೆ?"

ಪೆಟ್ಟಿಗೆ ಬುಸ್ ಎಂದಿತು. ಮಲ್ಲಿಗೆ ಬಂತು. ನನಗಂತೂ ಬಹಳ ಚೆನ್ನಾಗಿದೆ ಅನ್ನಿಸಿತು. ಆದರೆ ಸಾಹೇಬರು ಕೆನ್ನೆಗೆ ಹೊಡೆಸಿಕೊಂಡವರಂತೆ ಹಿಂದಕ್ಕೆ ಸರಿದರು.

"ಇದೇನಮ್ಮ ವಸುಂಧರಾ! ಇದು ಹೂವಾ, ಏಟಾ?"

"ಯಾಕೆ ಸಾಹೇಬ್ರೆ?"

"ಇಷ್ಟು ಜೋರಾ! ಇದನ್ನ ಹಚ್ಚಿದ್ರೆ ದೇವರೇ ಎದ್ದು ಆಚೆ ಹೋಗ್ತಾನೆ. ಬೇಡಮ್ಮ. ಇಲ್ಲ."

'ಇಲ್ಲ!' ಆ ಮಾತನ್ನು ನಾನು ಅವರ ಬಾಯಲ್ಲಿ ಕೇಳಿಯೇ ಇರಲಿಲ್ಲ.

"ವಾದ್ ವಾರದ್ದೇ ಸೆಂಟು ಕನಿ ಸಾಬ್ರೆ! ಅದೇ ಅಳತೆ!" ಎಂದು ಮಾದಮ್ಮ ಕೂಗಿದಳು. "ನಮ್ ಮಕ್ಕಳಾಣೆಗೂ ಒಂದ್ ತೊಟ್ಟು ಹೆಚ್ಚಿಗೆ ಹಾಕಿಲ್ಲ!"

ನಾನು 'ತಿರಸ್ಕೃತ' ಎಂದು ಬರೆದೆ. ಎರಡನೆಯ ಗುರುವಾರವೂ ಸಾಹೇಬರು ಮೂಗು ಮುಚ್ಚಿಕೊಂಡು "ಇಲ್ಲ" ಎಂದರು. ಮತ್ತೆ 'ತಿರಸ್ಕೃತ'.

ಎರಡಾಯಿತು! ಮೂರನೆಯ ಗುರುವಾರ ಪರೀಕ್ಷೆಗೆ ಬರುವುದು ದಸರಾ ಮಾಲು. ಅದೂ ಹೋದರೆ ಕೊಳ್ಳೇಗಾಲಕ್ಕೆ ಬೀಗ. ಅದಕ್ಕೆ ಸಹಿ ನನ್ನದು, ಪೆಟ್ಟಿಗೆ ನನ್ನ ಭಾವನದು!

*

"ನಿಮ್ಮ ಪೆಟ್ಟಿಗೆ ಸುಳ್ಳು ಹೇಳ್ತಿದೆ ಭಾವ!"

"ನನ್ನ ಪೆಟ್ಟಿಗೆ ಸುಳ್ಳು ಹೇಳಲ್ಲ! ಆ ಮೂಗನ್ನ ರಿಪೇರಿಗೆ ಕಳಿಸಿ!"

"ಮೂವತ್ತೊಂದು ವರ್ಷದ ಮೂಗು ಅದು!"

"ಹಾಗಾದ್ರೆ ವಾರಂಟಿ ಮುಗಿದಿದೆ!"

"ವಾರಂಟಿ ಮುಗಿದದ್ದು ಯಾರದ್ದು ಅಂತ ನಂಗೊತ್ತು," ಎಂದಳು ಅಕ್ಕ, ಹುರುಳಿಕಾಯಿ ಸೋಸುತ್ತಾ.

ಭಾವ ಪರೀಕ್ಷೆ ಮಾಡಿ ತೋರಿಸಿಯೇಬಿಟ್ಟರು. ಕರ್ಪೂರ, ಏಲಕ್ಕಿ, ಅಮೃತಬಳ್ಳಿ, ತಮ್ಮ ಚಪ್ಪಲಿ, ಎಲ್ಲವನ್ನೂ ಸಾಹೇಬರ ಮನೆಯ ಪೆಟ್ಟಿಗೆಯಿಂದ ಅಧ್ಯಕ್ಷರ ಕೋಣೆಯ ಪೆಟ್ಟಿಗೆಗೆ ಕಳಿಸಿದರು. ಅಲ್ಲಿ ಎಷ್ಟು ಜೋರೋ ಇಲ್ಲಿಯೂ ಅಷ್ಟೇ. ಪೆಟ್ಟಿಗೆ ಸರಿಯಿತ್ತು! ಪೆಟ್ಟಿಗೆ ಸರಿ, ಸೆಂಟು ಸರಿ, ಮೂಗು ಸರಿ ಎಂದಾದರೆ ತಪ್ಪಿದ್ದು ಯಾರು? ನಾನೇ ಏನಾದರೂ ಬರೆಯಬಾರದ್ದನ್ನು ಬರೆದೆನೇ?

ಭಾನುವಾರ ಬೆಳಗ್ಗೆಯೇ ಕಚೇರಿಯ ಬೀಗದ ಕೈ ಕೇಳಿ ತೆಗೆದುಕೊಂಡು, ಹಳೆಯ ರಿಜಿಸ್ಟರುಗಳನ್ನೆಲ್ಲ ಇಳಿಸಿ ಕೂತೆ. ಮೂವತ್ತೊಂದು ವರ್ಷದ ಗುರುವಾರಗಳು. ಅಂಗೀಕೃತ, ಅಂಗೀಕೃತ, ಅಂಗೀಕೃತ... ಕೊಳ್ಳೇಗಾಲದ ಮಾಲನ್ನು ಸಾಹೇಬರು ಬೇಡವೆಂದದ್ದು ಇಷ್ಟು ವರ್ಷದಲ್ಲಿ ನಾಲ್ಕೇ ಸಲ, ಅದೂ ನಾನು ಸೇರುವ ಮುಂಚೆ. ನನ್ನ ಹಿಂದಿನ ಗುಮಾಸ್ತರು ಸಣ್ಣ ಅಕ್ಷರದಲ್ಲಿ ಷರಾ ಬರೆದಿದ್ದರು.

ಮೊದಲನೆಯದು: 'ಬಸ್ ಮುಷ್ಕರ. ಜೀಪಿನಲ್ಲಿ ಬಂದೆವು.'

ಎರಡನೆಯದು: 'ಸಾಹೇಬರು ಅಳಿಯನ ಕಾರಿನಲ್ಲಿ ಬಂದರು.'

ಮೂರು: 'ಜೀಪು.'

ನಾಲ್ಕು: 'ಹಿಂದಿನ ದಿನವೇ ಬಂದು ಕೊಳ್ಳೇಗಾಲದಲ್ಲಿ ತಂಗಿದ್ದೆವು.'

ನಾನು ಕುರ್ಚಿಯಿಂದ ಎದ್ದು ನಿಂತೆ. ಒಬ್ಬಳೇ ಇದ್ದರೂ "ಬಸ್ಸು!" ಎಂದು ಕೂಗಿದೆ.

*

ಗಫಾರ್ ಸಾಹೇಬರು ರಿಜಿಸ್ಟರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

"ಅಂದ್ರೆ... ಇಷ್ಟು ವರ್ಷ ಕೆಲಸ ಮಾಡಿದ್ದು ನನ್ನ ಮೂಗಲ್ಲ. ಬಸ್ಸು ಅನ್ನು."

"ಅಯ್ಯೋ, ಹಾಗಲ್ಲ ಸಾಹೇಬ್ರೆ!"

"ಹಿಂದಿನ ಸೀಟು, ಚಕ್ರದ ಮೇಲೆ," ಎಂದು ಅವರು ತಮಗೇ ಹೇಳಿಕೊಂಡರು. "ಡೀಸೆಲ್ಲು, ಕಡ್ಲೆಕಾಯಿ, ಯಾರದ್ದೋ ಒದ್ದೆ ಕೊಡೆ. ಎರಡು ಗಂಟೆ ಅದೆಲ್ಲ ಮೂಗಲ್ಲಿ ತುಂಬ್ಕೊಂಡು ಇಳೀತಿದ್ದೆ. ಅದನ್ನ ದಾಟ್ಕೊಂಡು ಬಂದ ಮಲ್ಲಿಗೆಗೆ ಆಯ್ತು ಅಂತಿದ್ದೆ. ಮನೇಲಿ ಮೂಗು ಖಾಲಿ ಇರುತ್ತಮ್ಮ. ಖಾಲಿ ಕೊಡಕ್ಕೆ ಒಂದು ಕಲ್ಲು ಬಿದ್ರೂ ಎಷ್ಟು ಸದ್ದು!"

ಅವರು ರಿಜಿಸ್ಟರನ್ನು ಮುಚ್ಚಿ ನನ್ನ ಕಡೆಗೆ ತಳ್ಳಿದರು. ಅವರ ಮನೆಯವರು, ಮೆಹರುನ್ನೀಸಾ ಬೇಗಂ, ಚಹಾ ಇಡುತ್ತಾ, "ಇದರಲ್ಲಿ ಮುಖ ಊದಿಸ್ಕೊಳ್ಳೋದೇನಿದೆ?" ಎಂದರು. "ಊದುಬತ್ತಿ ತಗೊಳ್ಳೋರ ಮನೇಲಿ ಬೆಳ್ಳುಳ್ಳಿ ಒಗ್ಗರಣೆ ಇರಲ್ವಾ? ಮಗು ಬಟ್ಟೆ, ಸೀಮೆಣ್ಣೆ ಇರಲ್ವಾ? ಎಲ್ಲಾರ ಮನೇನೂ ಒಂದು ಬಸ್ಸೇ. ಬಸ್ಸಲ್ಲಿ ಗೆದ್ದದ್ದು ಮನೇಲೂ ಗೆಲ್ಲುತ್ತೆ."

ಇದಕ್ಕಿಂತ ಚೆನ್ನಾಗಿ ಗುಣಮಟ್ಟದ ಬಗ್ಗೆ ಹೇಳಿದವರನ್ನು ನಾನು ಕಂಡಿಲ್ಲ.

ಹಾಗಾದರೆ ಪರಿಹಾರ ಸುಲಭ: ಬಸ್ಸಿನಲ್ಲಿ ಹೋಗುವುದು! ನಾನು ಎರಡು ಸಲ ತಿದ್ದಿ ಅರ್ಜಿ ಬರೆದು ಅಧ್ಯಕ್ಷರ ಮುಂದೆ ಇಟ್ಟೆ.

"ಪ್ರಯಾಣ ಶೂನ್ಯ ಅಂತ ಪ್ರಮಾಣಪತ್ರಕ್ಕೆ ಅರ್ಜಿ ಕಳಿಸಾಗಿದೆ ಕಣ್ರೀ! ಈಗ ಬಸ್ಸು ಗಿಸ್ಸು ಅಂದ್ರೆ?"

"ಸರ್, ನಿಮ್ಮ ಕಾರು..."

"ಅದು ಆಡಳಿತ!"

ಆಡಳಿತದ ಕಾರಿಗೆ ಹೊಗೆ ಇರುವುದಿಲ್ಲವೇನೋ! ನಾನು ಹಲ್ಲು ಕಚ್ಚಿ ಆಚೆ ಬಂದೆ. ಭಾವ ಮಾತ್ರ ಕಣ್ಣರಳಿಸಿ, "ಯೋಚ್ನೆ ಯಾಕೆ ವಸು? ಸಾಹೇಬ್ರನ್ನ ಬಸ್ಸಿಗೆ ಕಳಿಸೋದು ಬೇಡ. ಬಸ್ಸನ್ನೇ ಸಾಹೇಬ್ರ ಮನೆಗೆ ತರೋಣ!" ಎಂದರು.

*

ಪ್ರಯಾಣ ತಪ್ಪಿಸುವುದಕ್ಕೋಸ್ಕರ ನಾನು ರಜೆ ಹಾಕಿ ಪ್ರಯಾಣ ಮಾಡಿದೆ. ಹಿಡಿದ ವಾಸನೆಯನ್ನು ಒಳಗೇ ಇಟ್ಟುಕೊಂಡು, ಆಮೇಲೆ ಗುಂಡಿ ಒತ್ತಿದಾಗ ಊದುವಂತೆ ಭಾವ ತಿದ್ದಿಕೊಟ್ಟಿದ್ದ ಸಾಹೇಬರ ಮನೆಯ ಗಂಧದೂತನನ್ನು ತೊಡೆಯ ಮೇಲಿಟ್ಟುಕೊಂಡು, ಕೊಳ್ಳೇಗಾಲದ ಬಸ್ಸಿನ ಹಿಂದಿನ ಸೀಟಿನಲ್ಲಿ, ಚಕ್ರದ ಮೇಲೆ ಕೂತೆ. ಕಂಡಕ್ಟರ್ ಬಸವಣ್ಣ ನಮ್ಮ ಗುರುವಾರದ ಪರಿಚಯದವನೇ.

"ಏನಕ್ಕ, ಎರಡು ವಾರದಿಂದ ಕಾಣೆ! ಸಾಬ್ರು ಎಲ್ಲಿ? ಇದೇನು ಕುಕ್ಕರ್ರು?"

"ವಾಸನೆ ಹಿಡಿಯೋ ಯಂತ್ರ."

"ನಿಮಗೆ ಟಿಕೆಟ್ ಫ್ರೀ. ಇದು ಹೆಂಗಸಾ, ಗಂಡಸಾ?"

"ಪೆಟ್ಟಿಗೆ ಕಣಪ್ಪ!"

"ಹೆಸರೇನು?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ಗಂಧದೂತ," ಎಂದೆ.

"ದೂತ ಅಂದ್ರೆ ಗಂಡಸಾಯ್ತು! ಲಗೇಜ್ ಟಿಕೆಟ್ ತಗೊಳ್ಳಿ!"

ಬಸ್ಸಿಡೀ ನಕ್ಕಿತು. ಪೆಟ್ಟಿಗೆ ಸೊಂಡಿಲು ಚಾಚಿ ಮೂಸುತ್ತಾ ಹೋಯಿತು. ಡೀಸೆಲ್ಲು, ಬಿಸಿಯಾದ ರೆಕ್ಸಿನ್ನು, ಮುಂದಿನ ಸೀಟಿನವಳ ಮುಡಿಯಲ್ಲಿ ಬಾಡಿದ ಮಲ್ಲಿಗೆ. ತಿರುಮಕೂಡಲು ನರಸೀಪುರದಲ್ಲಿ ಬೇಯಿಸಿದ ಕಡಲೆಕಾಯಿ ಹತ್ತಿತು, ಸೌತೆಕಾಯಿ ಉಪ್ಪುಕಾರ ಹತ್ತಿತು, ಒಬ್ಬರ ಚೀಲದಲ್ಲಿ ಒಣಮೀನು ಹತ್ತಿತು, ಇನ್ನೊಬ್ಬರ ಕಂಕುಳಲ್ಲಿ ಕೋಳಿ ಹತ್ತಿತು. ಯಾರೋ ಕಿತ್ತಳೆ ಸುಲಿದರು, ಯಾರೋ ಕಿಟಕಿಯಾಚೆ ವಾಂತಿ ಮಾಡಿದರು. ನಾನು ಒಂದನ್ನೂ ಬಿಡಲಿಲ್ಲ. ಕೆಲಸ ಅಂದರೆ ಕೆಲಸ.

*

ಮೂರನೆಯ ಗುರುವಾರ. ಬೆಳಗ್ಗೆ ಒಂಬತ್ತಕ್ಕೆ ಸಾಹೇಬರ ಕುರ್ಚಿಯ ಮುಂದೆ ಪೆಟ್ಟಿಗೆ ಇಟ್ಟು, ಭಾವ ಗುಂಡಿ ಒತ್ತಿದರು. ಬುಸ್!

ಬಸ್ಸು ಬಂತು. ನಿಜವಾಗಿ ಬಂತು! ಸಾಹೇಬರ ಮುಖ ಅರಳಿತು. ಕಣ್ಣು ಮುಚ್ಚಿದರು. ಹತ್ತು ನಿಮಿಷದಲ್ಲಿ ತಲೆ ತೂಗತೊಡಗಿತು, ಮತ್ತೆ ಹತ್ತು ನಿಮಿಷದಲ್ಲಿ ನನ್ನ ಭುಜದ ಮೇಲೆ ಬಿತ್ತು. ಮೆಹರುನ್ನೀಸಾ ಬೇಗಂ ಅರಿಯದೆಯೇ ಕಿಟಕಿಯ ಸರಳು ಹಿಡಿದು ನಿಂತಿದ್ದರು.

ಆದರೆ ಒಂದರ ವಾಸನೆ ಇನ್ನೆರಡಕ್ಕೂ ಹೋಗುತ್ತದೆಯಲ್ಲ! ಫೋನಿನ ಪರದೆಯಲ್ಲಿ ಅಧ್ಯಕ್ಷರು ಕಾಣಿಸಿದರು. ಇಪ್ಪತ್ತು ವರ್ಷದಿಂದ ಬಸ್ಸು ಹತ್ತದ ಮುಖ ಎಳೇ ಬಾಳೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಇದೇನ್ರೀ... ಯಾವಾಗ... ನಿಲ್ಲುತ್ತೆ?"

"ಇನ್ನೂ ಮೂಗೂರು ದಾಟಿಲ್ಲ ಸರ್!" ಎಂದರು ಭಾವ, ಹೆಮ್ಮೆಯಿಂದ.

ಹನ್ನೊಂದು ಗಂಟೆಗೆ ಮಾದಮ್ಮ ಮೂರು ಕಡ್ಡಿ ಹಚ್ಚಿದಳು. ಸಾಹೇಬರು ಎಚ್ಚರಾದರು. ಮೂಗಿನ ಹೊಳ್ಳೆ ಅರಳಿತು. ಮೂವತ್ತೆಂಟು ಹೆಂಗಸರು ಪರದೆಯೊಳಗೆ ಒತ್ತಿಕೊಂಡು ನಿಂತಿದ್ದರು. ಸಾಹೇಬರು ನಿಧಾನವಾಗಿ ನಕ್ಕರು. ಆ ನಗು ನನಗೆ ಗೊತ್ತು!

"ಇನ್ನೂ ಸ್ವಲ್ಪ..." ಎಂದರು.

ಅಷ್ಟೇ! 'ಆಯ್ತು' ಬರುವುದರೊಳಗೆ ಕೊಳ್ಳೇಗಾಲದಲ್ಲಿ ಗುಡುಗುಡು ಸದ್ದು!

"ಅಕ್ಕಾ! ನಿಮ್ ಪೆಟ್ಗೆ ತೊಟ್ಟಿಗೆ ಏನೋ ಉಯ್ತಾ ಅದೆ!"

ನಾನು ಭಾವನ ಕಡೆ ತಿರುಗಿದೆ. ಅವರು ಮುಗುಳ್ನಗುತ್ತಿದ್ದರು.

"ನಿನಗೆ ಹೇಳಿರ್ಲಿಲ್ಲ ವಸು. ಆಶ್ಚರ್ಯ ಆಗ್ಲಿ ಅಂತ! ಆ ಪೆಟ್ಟಿಗೆಗೆ ಕಿವಿನೂ ಕೊಟ್ಟಿದೀನಿ. ಸಾಹೇಬ್ರು 'ಇನ್ನೂ ಸ್ವಲ್ಪ' ಅಂದ್ರೆ ಅದೇ ಸೆಂಟು ತಯಾರಿಸಿ ತೊಟ್ಟಿಗೆ ಹಾಕುತ್ತೆ!"

"ಅದು ಅವರ ಮಾತಿನ ರೂಢಿ ಭಾವ! ಅದಕ್ಕೆ ಯಾರೂ ಏನೂ ಹಾಕಲ್ಲ! ಹೋಗಲಿ, ಅದು ಹಾಕ್ತಿರೋದು ಯಾವ ವಾಸನೆ?"

ಭಾವನ ನಗು ನಿಂತಿತು. "ಯಾವ ವಾಸನೆ ಅಂತ ಹೇಳಿಲ್ಲ ಅದಕ್ಕೆ. ಸಾಹೇಬ್ರ ಹತ್ರ ಯಾವುದು ಜಾಸ್ತಿ ಇದೆಯೋ... ಅದು."

ಬಸ್ಸು! ತೊಟ್ಟಿಗೆ ಬಸ್ಸು ಬೀಳುತ್ತಿತ್ತು!

ಮಾದಮ್ಮ ಗಾಬರಿಯಲ್ಲಿ ತೊಟ್ಟಿಯ ಕಡ್ಡಿಯನ್ನೇ ಹಚ್ಚಿ ಹಿಡಿದಳು. ಬಸ್ಸಿನ ವಾಸನೆ ತುಂಬಿದ ಮೂಗಿಗೆ ಬಸ್ಸಿನ ಕಡ್ಡಿ ಏನು ತಿಳಿಯಬೇಕು? ಸಾಹೇಬರು ತಬ್ಬಿಬ್ಬಾದರು.

"ಏನೂ ಇಲ್ವಲ್ಲಮ್ಮ ಇದರಲ್ಲಿ! ವಾಸನೆನೇ ಇಲ್ಲ! ಇನ್ನೂ ಸ್ವಲ್ಪ..."

"ಅನ್ಬೇಡಿ ಸಾಹೇಬ್ರೆ!" ಎಂದು ಕಿರುಚಿದೆ. ತಡವಾಗಿತ್ತು. ಗುಡುಗುಡು! ಅಲ್ಲಿ ಸುರಿದದ್ದನ್ನು ಅಲ್ಲಿನ ಪೆಟ್ಟಿಗೆ ಮೂಸಿ ಇಲ್ಲಿಗೆ ಕಳಿಸಿತು. ಇಲ್ಲಿ ಒಂದು ಬಸ್ಸಿದ್ದದ್ದು ಎರಡಾಯಿತು, ಎರಡು ನಾಲ್ಕಾಯಿತು. ಸಾಹೇಬರ ಮನೆ ಇಡೀ ಬಸ್‌ಸ್ಟ್ಯಾಂಡ್ ಆಯಿತು!

"ಪ್ಲಗ್ ಕೀಳಿ!"

"ಕಿತ್ತೆ! ಆದ್ರೆ ಕರೆಂಟ್ ಹೋದ್ರೂ ನಿಲ್ಲಬಾರ್ದು ಅಂತ ಬ್ಯಾಟರಿ..."

ಕೊಳ್ಳೇಗಾಲದಲ್ಲಿ ಇನ್ನೊಂದು ರಾದ್ಧಾಂತ. ಬೀದಿಗೆಲ್ಲ ವಾಸನೆ ಹರಡಿ, ಚೀಲ ಹಿಡಿದ ಜನ ಘಟಕದ ಬಾಗಿಲಿಗೆ ಮುಗಿಬಿದ್ದರು. ಒಬ್ಬರು ಕಿಟಕಿಯಿಂದ ಟವೆಲ್ ಎಸೆದು ಒಳಗಿನ ಬೆಂಚಿನ ಮೇಲೆ ಜಾಗ ಹಿಡಿದರು! "ನರಸೀಪುರಕ್ಕೆ ವೋದದಾ? ಡೈರೆಕ್ಟಾ?" ಎಂದು ಕೇಳುವುದು ಫೋನಿನಲ್ಲೇ ಕೇಳಿಸುತ್ತಿತ್ತು. "ಇದ್ ಬಸ್ಸಲ್ಲ, ಇಳೀರಿ!" ಎಂದು ಮಾದಮ್ಮ ಕೂಗುತ್ತಿದ್ದಳು. ಬೆಂಚಿನಿಂದ ಯಾರೂ ಏಳುತ್ತಿರಲಿಲ್ಲ.

ಅಧ್ಯಕ್ಷರು ಪರದೆಯಿಂದ ಮರೆಯಾಗಿದ್ದರು. ಬಚ್ಚಲಿನ ಕಡೆಯಿಂದ ಧ್ವನಿ ಮಾತ್ರ ಬಂತು.

"ವಸುಂಧರಾ! ಸಾಹೇಬ್ರು... ವಾಸನೆನೇ ಇಲ್ಲ ಅಂದ್ರಲ್ಲ! ನಿಯಮ ಹದಿನಾಲ್ಕು! ಬರೀರಿ... ತಿರಸ್ಕೃತ!"

ರಿಜಿಸ್ಟರು ತೊಡೆಯ ಮೇಲಿತ್ತು. ಪೆನ್ನು ಕೈಯಲ್ಲಿತ್ತು. ಹನ್ನೆರಡು ವರ್ಷದಲ್ಲಿ ಮೇಲಿನವರು ಬರೆ ಅಂದದ್ದನ್ನು ನಾನು ಬರೆಯದೆ ಇದ್ದದ್ದಿಲ್ಲ. ಪರದೆಯಲ್ಲಿ ಮೂವತ್ತೆಂಟು ಮುಖಗಳು ನನ್ನ ಪೆನ್ನನ್ನೇ ನೋಡುತ್ತಿದ್ದವು.

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಬರೆಯಲ್ಲ ಸರ್!" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. "ಪರೀಕ್ಷೆ ಇನ್ನೂ ಆಗಿಲ್ಲ! ಗುರುವಾರ ಸಂಜೆ ಆರರವರೆಗೂ ಗುರುವಾರವೇ! ಒಬ್ಬರೇ ಕಾರಲ್ಲಿ ಹೋಗಿ ವರದಿ ಓದಿಸ್ಕೊಂಡು ಬರೋರು ಹೊಗೆ ಬಿಡಲ್ವಂತೆ, ಅರವತ್ತು ಜನರ ಜೊತೆ ನಿಂತು ಹೋಗೋ ನಾವು ಬಿಡ್ತೀವಂತೆ! ಫೋನಲ್ಲಿ ಮುಗಿಯೋ ಮಾತಿಗೆ ಕಾರು, ಮೂಗಲ್ಲಿ ನೋಡೋ ಕೆಲಸಕ್ಕೆ ಫೋನು! ಇದ್ಯಾವ ಹಸಿರು ಸರ್? ಸಾಹೇಬ್ರೆ, ಚಪ್ಪಲಿ ಹಾಕ್ಕೊಳ್ಳಿ!"

*

ಹನ್ನೆರಡೂವರೆಯ ಬಸ್ಸು. ಹಿಂದಿನ ಸೀಟು. ಬಸವಣ್ಣ ಎರಡು ಸಲ ಸೀಟಿ ಊದಿ ಸ್ವಾಗತಿಸಿದ. ನಾನು ದಾರಿಯುದ್ದಕ್ಕೂ ಬೆವರುತ್ತಿದ್ದೆ. ವೀರಾವೇಶವೆಲ್ಲ ನರಸೀಪುರದ ಹೊತ್ತಿಗೆ ಇಳಿದುಹೋಗಿತ್ತು. ತೊಟ್ಟಿಗೆಲ್ಲ ಬಸ್ಸು ಸುರಿದಿದೆ, ದಸರಾ ಮಾಲೇ ಹಾಳಾಗಿದೆ. ಸಾಹೇಬರನ್ನು ಕರೆದುಕೊಂಡು ಹೋಗಿ ತೋರಿಸುವುದೇನನ್ನು?

"ಬೈದದ್ದು ತಪ್ಪಾಯ್ತಾ ಸಾಹೇಬ್ರೆ?"

"ಇನ್ನೂ ಸ್ವಲ್ಪ ಬೈಬೇಕಿತ್ತು," ಎಂದರು ಸಾಹೇಬರು, ಕಡಲೆಕಾಯಿ ಸುಲಿಯುತ್ತಾ.

ಘಟಕದ ಬಾಗಿಲಲ್ಲಿ ಮಾದಮ್ಮ ಸೊಂಟಕ್ಕೆ ಸೆರಗು ಕಟ್ಟಿ ನಿಂತಿದ್ದಳು. ಬೆಂಚಿನ ಮೇಲೆ ಟವೆಲಿನವರು ಇನ್ನೂ ಕೂತಿದ್ದರು.

"ಮಾದಮ್ಮ, ದಸರಾ ಕಡ್ಡಿಯೆಲ್ಲ ಹೋಯ್ತಾ?" ಎಂದೆ.

"ಯಾವ್ ದಸರಾ ಕಡ್ಡಿ? ತೊಟ್ಟೀಲಿ ಇದ್ದಿದ್ದು ಸೊಟ್ಟ ಕಡ್ಡಿ, ಮುರುಕಲು ಕಡ್ಡಿ ಕನವ್ವ. ವಾದ್ ತಿಂಗಳ ಚರಟದ ಸೆಂಟು. ನಿಮ್ ಪೆಟ್ಗೆ ಸೊಂಡ್ಲು ತೊಟ್ಟಿ ಮ್ಯಾಲೇ ಇತ್ತಲ್ಲ, ಅದುನ್ನ ನಂಬಿ ಒಳ್ಳೇದ್ ಇಟ್ಟಾರಾ?"

"ಮತ್ತೆ ಒಳ್ಳೇದು?"

"ಹಿಂದ್ಲ ಕ್ವಾಣೇಲದೆ. ಬೆಳಗ್ಗೇನೆ ಕೈಯಲ್ಲಿ ಅದ್ದಿ ಒಣಗಾಕಿವಿ. ಸಾಬ್ರಿಗೆ ಮೊದ್ಲು ಹಚ್ಚಿದ್ ಮೂರೂ ಅದ್ರಲ್ಲೇ ತಗಂಡಿದ್ದು." ಅವಳು ನನ್ನ ಮುಖ ನೋಡಿ ನಕ್ಕಳು. "ಹೊಸ ಹಂಚಲ್ಲಿ ಮೊದ್ಲುನೇ ದೋಸೆ ಉಯ್ದು ಯಾರಾರಾ ನೆಂಟ್ರಿಗೆ ಹಾಕಾರಾ?"

ನಾನು ಅಲ್ಲೇ ಬೆಂಚಿನ ಮೇಲೆ, ಟವೆಲಿನವರ ಪಕ್ಕ ಕುಸಿದು ಕೂತೆ.

ಸಾಹೇಬರು ಒಳಗೆ ಹೋಗಿ, ಎರಡು ಗಂಟೆಯ ಬಸ್ಸನ್ನು ಮೂಗಿನಲ್ಲಿಟ್ಟುಕೊಂಡು, ಕಣ್ಣು ಮುಚ್ಚಿದರು. ಮೂರು ಕಡ್ಡಿ.

"ಇನ್ನೂ ಸ್ವಲ್ಪ ಇರಬೇಕಿತ್ತು," ಎಂದರು. ನಾವೆಲ್ಲ ಗೋಡೆಯ ಮೂಲೆಗೆ ನೋಡಿದೆವು. ಪೆಟ್ಟಿಗೆಯ ಕಿವಿಗೆ ಮಾದಮ್ಮ ಮೊದಲೇ ಹಸಿ ಹಿಟ್ಟು ಮೆತ್ತಿದ್ದಳು. "ಆದ್ರೂ ಆಯ್ತು."

ಮೂರೂ ಇಪ್ಪತ್ತಕ್ಕೆ 'ಅಂಗೀಕೃತ' ಎಂದು ಬರೆದು ಸಹಿ ಹಾಕಿದೆ. ಷರಾ: 'ಬಸ್ಸಿನಲ್ಲಿ ಬಂದೆವು.' ಎರಡು ಸಲ ಅಡಿಗೆರೆ ಎಳೆದೆ.

*

ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದು ಹದಿನೈದು ದಿನ ಹೆದರಿದ್ದೆ. ತೆಗೆಯಲಿಲ್ಲ. ಆಡಳಿತ ಮಂಡಳಿ ಸೇರಿ, ಕಣ್ಣು ಕಿವಿಯಲ್ಲಿ ಮುಗಿಯುವ ಕೆಲಸ ಆನ್‌ಲೈನ್, ಮೂಗಿನ ಕೆಲಸ ಬಸ್ಸಿನಲ್ಲಿ ಎಂದು ಠರಾವು ಮಾಡಿತು. ಈಗ ಅಧ್ಯಕ್ಷರ ಸಭೆಗಳೆಲ್ಲ ಅವರ ಕೋಣೆಯಿಂದಲೇ. ಕಾರು ಶೆಡ್ಡಿನಲ್ಲಿದೆ. ಪ್ರಮಾಣಪತ್ರವೂ ಬಂತು. ಬರುವುದು ನ್ಯಾಯವೇ, ಹೊಗೆ ನಿಜಕ್ಕೂ ಕಡಿಮೆಯಾಗಿದೆ, ಕಾರಿನದ್ದು!

ಆದರೆ ಅವರ ಗಂಧದೂತ ಬಸ್ಸನ್ನು ಇನ್ನೂ ಮರೆತಿಲ್ಲ. ಜೋರಾದ ವಾಸನೆ ಅಲ್ಲವೇ! "ಸಣ್ಣ ವಿಷಯ, ಒಂದೆರಡು ವರ್ಷ," ಎಂದಿದ್ದಾರೆ ಭಾವ. ಅದು ಅಧ್ಯಕ್ಷರ ಗೋಡೆಗೂ, ಕಿಟಕಿಯ ಪರದೆಗೂ, ಕುರ್ಚಿಯ ದಿಂಬಿಗೂ ಹಿಡಿದುಬಿಟ್ಟಿದೆ. ಹಾಗಾಗಿ ಪ್ರತಿ ಸಭೆಗೂ ಅವರು ನಿಂಬೆಹಣ್ಣು ಮೂಸುತ್ತಾ ಕೂರುತ್ತಾರೆ. ಎರಡು ಗಂಟೆ ನಡೆಯುತ್ತಿದ್ದ ಸಭೆ ಈಗ ಹನ್ನೆರಡು ನಿಮಿಷಕ್ಕೆ ಮುಗಿಯುತ್ತದೆ.

ಉಳಿದದ್ದು ಆ ಸೊಟ್ಟ ಕಡ್ಡಿಗಳು. ನನಗೆ ಏನನ್ನೂ ಬಿಸಾಡಿ ರೂಢಿಯಿಲ್ಲ. ಕಳೆದ ಗುರುವಾರ ಒಂದು ಕಟ್ಟನ್ನು ಬಸವಣ್ಣನಿಗೆ ಕೊಟ್ಟೆ. ಹೊರಡುವ ಮುಂಚೆ ಅವನು ಎರಡು ಕಡ್ಡಿ ಹಚ್ಚಿ ಡ್ರೈವರ್ ಮುಂದಿನ ದೇವರ ಪಟಕ್ಕೆ ಸಿಕ್ಕಿಸಿದ. ಹೊಗೆ ದಂಡಿಯಾಗಿ ಎದ್ದಿತು. ಅವನು ಮೂಸಿದ, ಇನ್ನೊಮ್ಮೆ ಮೂಸಿದ, ಡ್ರೈವರ್ ಕೈಯಲ್ಲೂ ಮೂಸಿಸಿದ. ಆಮೇಲೆ ಹಿಂದಿನ ಸೀಟಿನವರೆಗೆ ನಡೆದು ಬಂದು ನನ್ನನ್ನು ಕೇಳಿದ:

"ಅಕ್ಕ, ಬೇಜಾರ್ ಮಾಡ್ಕೋಬೇಡಿ. ನೀವು ಗುಣಮಟ್ಟ ನೋಡೋದು ಅಂತೀರಿ, ಇದರಲ್ಲಿ ವಾಸನೆನೇ ಹಾಕಿಲ್ವಲ್ಲ?"